ಫ್ರೇನಿಯ ಹೆಸರಲ್ಲಿ ಒಂದು ಮುಳುಗು

ಫ್ರೇನಿ, ನಿನ್ನ ಹೆಸರು ಹೇಳಿ
ನನ್ನನ್ನು ಮುಳುಗಿಸಿದರು ಈ ಬೆಳಿಗ್ಗೆ.
ಮಿಸಿಸಿಪ್ಪಿಯ ಕೆಸರು ಕಾಲ್ಬೆರಳ ಸಂದಿಗೆ ನುಗ್ಗುತ್ತಿತ್ತು.
ಹಿರಿಯ ಆಲ್ವರ್ಡ್ ಕೇಳಿದ, ಸತ್ತವಳ ಹೆಸರು?
ಫ್ರೇನಿ ಹಾಲ್ಡಿಮನ್.
ಊರು?
ಬರ್ನಿನಾಚೆ, ಎಮ್ಮೆಂಟಾಲ್ ಕಣಿವೆ.
ಹೇಗೆ ಸತ್ತಳೆಂದು ಕೇಳಲಿಲ್ಲ.
ಕೇಳಿದ್ದರೆ ಹೇಳುತ್ತಿದ್ದೆ:
ಇದೇ ದೀಕ್ಷಾಸ್ನಾನಕ್ಕೆ. ನೀರಿನಲ್ಲೇ.

ಪೆನ್ಸಿಲ್ವೇನಿಯಾದಲ್ಲಿ, ಪೀಕ್ವೇ ಹೊಳೆಯ ದಂಡೆಯಲ್ಲಿ,
ಅಜ್ಜಿ ಸೇಬು ಹೆಚ್ಚುತ್ತಾ ಹೇಳುತ್ತಿದ್ದಳು ನಿನ್ನ ಕಥೆ:
ಹಾಲುಗಲ್ಲದ ಕೂಸಿಗೆ ಪಾಪವೆಲ್ಲಿಯದು,
ಬುದ್ಧಿ ಬಂದವಳು ತಾನೇ ಬಾಯಿಬಿಟ್ಟು ಬೇಡಬೇಕು ನೀರು
ಎಂದಳಂತೆ ಫ್ರೇನಿ.
ನೀರು ಬೇಕೇ, ತಗೋ, ಎಂದರಂತೆ ನಗರದ ಯಜಮಾನರು.
ಕೈ ಮಂಡಿಗೆ ಕಟ್ಟಿ, ನಡುವೆ ಕೋಲು ತೂರಿಸಿ,
ಆರೆ ನದಿಗೆ.
ಅಜ್ಜಿಯ ಚಾಕು ಅಲ್ಲೂ ನಿಲ್ಲುತ್ತಿರಲಿಲ್ಲ.
ಸಿಪ್ಪೆ ಒಂದೇ ಎಳೆಯಾಗಿ, ಉದ್ದಕ್ಕೆ,
ಹರಿಯದೆ ಮಡಿಲಿಗೆ ಇಳಿಯುತ್ತಿತ್ತು.

ಅಜ್ಜಿ ಬಾಯಿಗೆ ತಾರದ ಊರೊಂದಿತ್ತು.
ಲೂಥರನರ ಹುಡುಗರು ಬೇಲಿಯಾಚೆಯಿಂದ ಕೂಗುತ್ತಿದ್ದರು:
ಮ್ಯೂನ್‌ಸ್ಟರ್! ಮ್ಯೂನ್‌ಸ್ಟರ್!
ಅಲ್ಲಿ ನಮ್ಮವರು
(ನಮ್ಮವರಲ್ಲ, ಎಂದು ಅಪ್ಪ ಮೇಜು ಗುದ್ದಿದ)
ಕತ್ತಿ ಹಿಡಿದರಂತೆ, ಕೋಟೆ ಬಾಗಿಲು ಜಡಿದರಂತೆ,
ಹೊಸ ಯೆರೂಸಲೇಮ್ ಇಗೋ ಬಂತು, ಈಸ್ಟರಿಗೆ ಬಂತು,
ಬಾರದಿದ್ದರೆ ಮುಂದಿನ ಈಸ್ಟರಿಗೆ.
ಹಣ ಎಲ್ಲರದು. ರೊಟ್ಟಿ ಎಲ್ಲರದು.
ಗಂಡಸೊಬ್ಬನಿಗೆ ಹೆಂಡಿರು ಎಷ್ಟಾದರೂ.
ರೊಟ್ಟಿ ಮುಗಿದ ಮೇಲೆ ಹುಲ್ಲು, ಹುಲ್ಲು ಮುಗಿದ ಮೇಲೆ ಚರ್ಮ.
ಇಗರ್ಜಿಯ ಗೋಪುರಕ್ಕೆ ಮೂರು ಕಬ್ಬಿಣದ ಪಂಜರ
ಇವತ್ತಿಗೂ ತೂಗುತ್ತಿವೆಯಂತೆ,
ಹಕ್ಕಿ ಹೊರಗೆ ಕೂರುವ ಪಂಜರ.

ಆ ಊರು ಮ್ಯೂನ್‌ಸ್ಟರ್.
ಈ ಊರು ನಾವೂ.
ಕರೆದಾಗಲೆಲ್ಲ ಒಳಗಿನಿಂದ ಯಾರೋ ಓಗೊಟ್ಟಂತೆ:
ನಾವೂ, ನಾವೂ.

ಯಾಕೆ ಬಂದೆ ಅನ್ನಬೇಡ.
ನೀನು ಹೋದದ್ದಕ್ಕೇ ನಾನು ಬಂದದ್ದು.
ಅಪ್ಪನ ಕೂಟದಲ್ಲಿ ಬೆಂಕಿ ಆರಿ ಯಾವ ಕಾಲವಾಯಿತೋ,
ಬೂದಿಯನ್ನು ಒಪ್ಪವಾಗಿ ಗುಡಿಸುತ್ತಿದ್ದೆವು,
ಗುಂಡಿ ಹಾಕದ ಕೋಟು ತೊಟ್ಟು.
ಇಲ್ಲಿ ಆಕಾಶಕ್ಕೆ ಇನ್ನೂ ಬಾಯಿತ್ತು.
ಬಡಗಿಗೆ, ದನ ಕಾಯುವವನಿಗೆ, ನನಗೂ
ಗದ್ದೆಯಲ್ಲಿ ನಿಂತಲ್ಲೇ ಕನಸು ಬೀಳುತ್ತಿತ್ತು.
ಅಪ್ಪ ನನ್ನ ತಟ್ಟೆಯನ್ನು ಬೇರೆ ಮೇಜಿಗಿಟ್ಟ.
ಊಟ ಮುಗಿಸಿಯೇ ಹೊರಟೆ.

ಈಗ ಚೌಕದಲ್ಲಿ ಹುಡುಗರು ಮರದ ಕತ್ತಿ ಹಿಡಿದು
ಸೈನ್ಯದ ಹಿಂದೆ ಹೆಜ್ಜೆ ಹಾಕುತ್ತಾರೆ.
ಗುಡ್ಡದ ಮೇಲೆ ದೇವಾಲಯದ ಸುಣ್ಣಗಲ್ಲು ಏರುತ್ತಿದೆ.
ಪಕ್ಕದ ಮನೆಯ ಕೆಝಾಯಾಳಿಗೆ ಹದಿನೇಳು.
ನಿನ್ನೆ ಆಲ್ವರ್ಡ್ ಅವಳಪ್ಪನ ಹತ್ತಿರ ಕೂತು
ದೇವರ ಮಾತೆಂದು ಏನೋ ಪಿಸುಗುಟ್ಟಿ ಹೋದ.
ಅವನ ಹೆಂಡತಿ ಬೇಲಿಗೆ ಬಟ್ಟೆ ಹರವುತ್ತಾ
ಒಂದೇ ಅಂಗಿಯನ್ನು ಮೂರು ಸಲ ಹಿಂಡಿದಳು.
ಕೆಝಾಯಾ ಕಡೆಗೋಲು ಹಿಡಿದೇ ಇದ್ದಾಳೆ, ಕಡೆಯುತ್ತಿಲ್ಲ.

ಹಸುಳೆಯಾಗಿದ್ದಾಗ ಪಾದ್ರಿ ಒಮ್ಮೆ.
ನೀನೇ ಬೇಡಿ ಒಮ್ಮೆ, ರಾತ್ರಿ, ಯಾರದೋ ಕೊಟ್ಟಿಗೆಯಲ್ಲಿ.
ನಗರಸಭೆ ಒಮ್ಮೆ, ಮೇಲೆ ಬಾರದ ಹಾಗೆ.
ಈಗ ನಾನು.
ನಾಲ್ಕು ನೀರಲ್ಲಿ ಒಂದೇ ಫ್ರೇನಿ ನಿನ್ನದು.

ಒಪ್ಪಿಗೆಯಿಲ್ಲದ ನೀರು ನೀರಲ್ಲ ಎಂದು ಸತ್ತವಳಿಗೆ
ಒಪ್ಪಿಗೆ ಕೇಳದೆ ಎರೆದೆ.
ಪ್ರೀತಿಯಿಂದ ಎರೆದೆ, ಅದು ನಿಜ.
ಪಾದ್ರಿಯೂ ಹಾಗೇ ಹೇಳಿದ್ದಾನು.

ಮುಳುಗಿದಾಗ ಕಣ್ಣು ತೆರೆದಿದ್ದೆ.
ಕಂದು ಬೆಳಕು, ನನ್ನದೇ ಕೂದಲು, ಬೇರೇನಿಲ್ಲ.
ಆಲ್ವರ್ಡನ ಕೈ ಬೆನ್ನ ಮೇಲೆ
ಒಂದು ಕ್ಷಣ ಹೆಚ್ಚೇ ನಿಂತಿತು, ಅಥವಾ ಹಾಗನ್ನಿಸಿತು,
ಆ ಕ್ಷಣ ನಿನಗೆ ಗೊತ್ತು.

ದಂಡೆಯಲ್ಲಿ ಗುಮಾಸ್ತ ದೊಡ್ಡ ಪುಸ್ತಕ ಬಿಚ್ಚಿ ಕೂತಿದ್ದ.
ನನ್ನ ಹಲ್ಲು ಕಟಕಟ. ಅವನ ಕಿವಿ ಮಂದ.
ಫ್ರಾನ್ಸಿಸ್ ಹೋಲ್ಡರ್‌ಮನ್, ಎಂದು ಬರೆದುಕೊಂಡ.
ಸರಿಯಾ, ಎಂದು ನನ್ನತ್ತ ತಿರುಗಿಸಿದ.
ಲಂಗದಿಂದ ನೀರು ತೊಟ್ಟಿಕ್ಕುತ್ತಿತ್ತು.
ಸರಿ, ಎಂದೆ.
ಅಷ್ಟಾದರೂ ಸಂದಿಯಿರಲಿ ನಿನಗೆ
ನುಸುಳಿಕೊಳ್ಳಲು.